ನಕ್ಷೆಯಲ್ಲಿಲ್ಲದ ಬಾಗು

ಅಪ್ಪನಿಗೆ ನಮಸ್ಕಾರ.

ಕಡಲತೀರದಲ್ಲಿ ಗ್ಯಾಸನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಬರುತ್ತದಂತಲ್ಲ, ಅದಕ್ಕೆ ಹಾಕಬೇಕೆಂದಿರುವ ಪೈಪ್‌ಲೈನಿನ ಸರ್ವೆ ನನ್ನ ಪಾಲಿಗೇ ಬಂದಿದೆ. ಗೆರೆ ನಮ್ಮ ಹಳೇ ಕ್ವಾರ್ಟರ್ಸಿನ ಹಿತ್ತಲಲ್ಲೇ ಹಾಯುತ್ತದೆ. ಅಮ್ಮ ಹೋದಮೇಲೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಮನೆಗಳನ್ನೆಲ್ಲ ಕೆಡವಿದ್ದಾರೆ.

ನೀವು ಅಲ್ಲಿ ಹೂಳಿಸಿದ ನೀರಿನ ಪೈಪು ನಿಮ್ಮ ನಕ್ಷೆಯಲ್ಲಿ ದಾರ ಹಿಡಿದಂತೆ ನೇರವಾಗಿದೆ. ನೆಲದ ಮೇಲೆ ಪೈಪು ಪತ್ತೆಹಚ್ಚುವ ಯಂತ್ರ ಓಡಿಸಿ ನೋಡಿದರೆ, ನಮ್ಮ ಹಿತ್ತಲಲ್ಲಿ ಮಾತ್ರ ನಾಲ್ಕಡಿ ಬಳಸಿಕೊಂಡು ಹೋಗಿದೆ. "ಯಾರೋ ಕುಡಿದು ಹಾಕ್ಸಿರ್ಬೇಕು, ಮೇಡಂ" ಎಂದು ನಮ್ಮ ಡ್ರೈವರ್ ನಕ್ಕ.

ಅಮ್ಮನ ಒಗೆಯುವ ಕಲ್ಲು ಆ ಬಾಗಿನಲ್ಲೇ ಇದೆ, ಅಪ್ಪ. "ಇದನ್ನ ಕಿತ್ರೆ ಇನ್ಮೇಲೆ ನಿಮ್ಮ ಬಟ್ಟೆ ನೀವೇ ಒಗ್ಕೊಳ್ಳಿ" ಎಂದು ಅದರ ಮೇಲೇ ಕೂತುಬಿಟ್ಟಿದ್ದಳಲ್ಲ! ಅವಳು ಒಗೆದೊಗೆದು ಸವೆಸಿದ ತಗ್ಗಿನಲ್ಲಿ ನೀರು ನಿಂತಿತ್ತು.

ನೀವು ಮಾಡಿದ ಹಾಗೆ ನಕ್ಷೆಯಲ್ಲಿ ನೇರ ಗೆರೆ ಎಳೆದು ನಾನು ತೆಪ್ಪಗಿರುವಂತಿಲ್ಲ. ಇದು ಗ್ಯಾಸು. ಎಲ್ಲಿ ಬಾಗಿಸಿದರೂ ಫಾರಂನಲ್ಲಿ ಕಾರಣ ಬರೆಯಬೇಕು. ಸೋಮವಾರ ಅದನ್ನು ಕೊಡಬೇಕು.

ಗೆರೆಯನ್ನಂತೂ ಬಾಗಿಸಿಬಿಟ್ಟಿದ್ದೇನೆ. ಕಾರಣ ಏನೆಂದು ಬರೆಯಲಿ, ನೀವೇ ಹೇಳಿ.

ಇಂತಿ,
ನಿಮ್ಮ ಮಗಳು