ಒಂಬತ್ತು ನಲವತ್ತರ ಮಿಸ್ಡ್ ಕಾಲ್

ಆಗಸ್ಟ್ ೪, ಸೋಮವಾರ

ಹತ್ತಕ್ಕೆ ಹತ್ತು ನಿಮಿಷ. ಎರಡು ಮಿಸ್ಡ್ ಕಾಲ್. ಒಂದು ಬಸವೇಶನ ಅಪ್ಪ, ಇನ್ನೊಂದು ಸುಮೇರಾಳ ಅಜ್ಜಿ. ಏಳನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಹಾಜರು, ಎರಡು ರಜೆ. ಹೇಳದೆ ಕೇಳದೆ ಗೈರಾದವರು ಸೊನ್ನೆ. ಜುಲೈ ತಿಂಗಳೆಲ್ಲ ಸೊನ್ನೆ. ಬರೆದಿಟ್ಟುಕೊಳ್ಳಲೇಬೇಕು. ನನ್ನ ಬೆನ್ನು ನಾನೇ ತಟ್ಟಿಕೊಳ್ಳದಿದ್ದರೆ ಇನ್ಯಾರು ತಟ್ಟುತ್ತಾರೆ… ಮದುವೆಯಾಗಿ ಹದಿನಾಲ್ಕು ವರ್ಷ, ಅಫ್ಜಲ್ ಒಮ್ಮೆಯೂ ತಟ್ಟಿಲ್ಲ.

ಉಪಾಯ ನನ್ನದೇ. ಜೂನ್‌ನ ಪಾಲಕರ ಸಭೆಯಲ್ಲಿ ಹೇಳಿಬಿಟ್ಟೆ: "ಮಗು ಬರಂಗಿಲ್ಲ ಅಂದ್ರ ಹತ್ತರೊಳಗ ಒಂದು ಮಿಸ್ಡ್ ಕಾಲ್ ಕೊಡ್ರಿ. ನಾ ಫೋನ್ ಎತ್ತಂಗಿಲ್ಲ. ಯಾಕ ಅಂತ ಕೇಳಂಗಿಲ್ಲ." ಮೊದಲು ಕೇಳುತ್ತಿದ್ದೆ. ಆಗ ಒಂದೇ ಅಜ್ಜಿ ವರ್ಷಕ್ಕೆ ಮೂರು ಸಲ ಸಾಯುತ್ತಿದ್ದಳು. ಕೇಳದಿದ್ದರೆ ಸುಳ್ಳಿಗೂ ಕೆಲಸವಿಲ್ಲ.

ಆಗಸ್ಟ್ ೭, ಗುರುವಾರ

೯.೪೦ಕ್ಕೆ ತನುಜಾಳ ತಾಯಿ ವೀರವ್ವನ ನಂಬರು. ಒಂದೇ ರಿಂಗ್, ಕಟ್. ತನುಜಾ ರಜೆ. ಈ ವರ್ಷ ಅವಳ ಮೊದಲ ರಜೆ. ಮುಂದಿನ ಬೆಂಚು, ಎಡಗಡೆ. ಲೆಕ್ಕ ಬರೆದು ಮುಗಿಸಿ ಪಕ್ಕದವರ ಪುಸ್ತಕಕ್ಕೂ ಕಣ್ಣು ಹಾಕುವ ಹುಡುಗಿ. ಕಾಗುಣಿತ ತಪ್ಪಿದರೆ ನನ್ನನ್ನೂ ಬಿಡುವುದಿಲ್ಲ.

ಅವಳಿಲ್ಲದೆ ತರಗತಿ ಸ್ವಲ್ಪ ಸಪ್ಪೆ. ಇರಲಿ, ನಾಳೆ ಬರುತ್ತಾಳೆ.

ಆಗಸ್ಟ್ ೧೨, ಮಂಗಳವಾರ

ಹೆಡ್‌ಮಾಸ್ಟರ್ ಮಲ್ಲೇಶಪ್ಪ ಸರ್ ಕರೆದರು. ೨೧ಕ್ಕೆ ಹಿರೇಕೆರೂರಿನಲ್ಲಿ ತಾಲ್ಲೂಕು ಸಭೆ. "ನುಜಹತ ಟೀಚರ್, ನಿಮ್ಮ ಮಿಸ್ಡ್ ಕಾಲ್ ಪದ್ಧತಿ ಬಗ್ಗೆ ಹತ್ತು ನಿಮಿಷ ನೀವ ಮಾತಾಡಬೇಕು. ಶೂನ್ಯ ಗೈರು ಅಂದ್ರ ಸಣ್ಣ ಮಾತಲ್ಲ." ಮುಖದಲ್ಲಿ ಗಾಂಭೀರ್ಯ, ಒಳಗೆ ಕುಣಿತ. ಸವಣೂರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಯಾವ ಸೀರೆ ಉಡುತ್ತೀ ಎಂದಳು. ಪದ್ಧತಿ ಏನೆಂದು ಕೇಳಲೇ ಇಲ್ಲ.

ತನುಜಾ ಐದನೇ ದಿನ. ಜ್ವರವಿರಬೇಕು. ಮಿಸ್ಡ್ ಕಾಲ್ ಮಾತ್ರ ಗಡಿಯಾರ ಇಟ್ಟ ಹಾಗೆ ೯.೪೦ಕ್ಕೆ. ಓದು ಬರಹ ಬಾರದ ವೀರವ್ವನ ಶಿಸ್ತು ನೋಡಿ ಕಲಿಯಬೇಕು, ಪಟ್ಟಣದ ಪಾಲಕರು.

ಆಗಸ್ಟ್ ೧೫

ಧ್ವಜ ಏರಿತು. ನಾಡಗೀತೆಗೆ ತನುಜಾಳ ಕಂಠ ಇರಲಿಲ್ಲ, ಎರಡನೇ ಚರಣದಲ್ಲಿ ಮಕ್ಕಳು ಆಚೆ ಈಚೆ ಹೋದರು. ಇವತ್ತೂ ೯.೪೦ಕ್ಕೆ ಮಿಸ್ಡ್ ಕಾಲ್ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಹಬ್ಬದ ದಿನವೂ ತಿಳಿಸಿದ್ದಾರೆ ನೋಡಿ ಎಂದೆ.

ಶಾಲಾ ಸಮಿತಿಯ ಅಧ್ಯಕ್ಷ ಮಹಾಲಿಂಗಪ್ಪನವರ ಭಾಷಣ: "ನಮ್ಮೂರಾಗ ಒಂದ ಮಗೂನೂ ಸಾಲಿ ತಪ್ಪಸಂಗಿಲ್ಲ." ಚಪ್ಪಾಳೆ. ನಾನೂ ತಟ್ಟಿದೆ.

ಆಗಸ್ಟ್ ೧೭, ಭಾನುವಾರ, ಬೆಳಿಗ್ಗೆ ೧೦

೯.೪೦. ಮಿಸ್ಡ್ ಕಾಲ್. ವೀರವ್ವ. ಹೋದ ಭಾನುವಾರ ಬಂದಿರಲಿಲ್ಲ.

ನಗು ಬಂತು. ಅಫ್ಜಲ್‌ಗೆ ಹೇಳಿದೆ. ಭಾನುವಾರಕ್ಕೂ ರಜೆ ಕೇಳಿದ್ದಾರಲ್ಲ, ಮಂಜೂರು ಮಾಡಿಬಿಡು ಎಂದ. ಇಬ್ಬರೂ ನಕ್ಕೆವು. ಈರುಳ್ಳಿ ಹೆಚ್ಚುತ್ತಾ ಇದ್ದೆ.

ಆಮೇಲೆ ಕೈ ನಿಂತಿತು. ಶಾಲೆಗೆ ಹೋಗುವ ಮಗು ಇರುವ ಮನೆಯಲ್ಲಿ ಭಾನುವಾರ ಮರೆಯುವುದು ಸಾಧ್ಯವೇ? ಜ್ವರ ಬಂದು ಮಲಗಿದ ಮಗುವಿಗೂ ಓಣಿಯ ಗದ್ದಲದಿಂದಲೇ ಗೊತ್ತಾಗುತ್ತದೆ. ಈ ಫೋನ್ ಹಿಡಿದವರು ವಾರವೇ ಇಲ್ಲದ ಜಾಗದಲ್ಲಿದ್ದಾರೆ.

ತಿರುಗಿ ಫೋನ್ ಮಾಡಿದೆ. ಜೂನ್‌ನಿಂದ ಮೊದಲ ಬಾರಿ. ನಾಲ್ಕು ಸಲ. ಎತ್ತಲಿಲ್ಲ. ಬೈಕ್ ತೆಗಿ ಎಂದಿದ್ದೇನೆ.

ಅದೇ ದಿನ, ಸಂಜೆ ೬

ಚಿಕ್ಕೇರೂರು ದಾಟಿ ಮೂರು ಕಿಲೋಮೀಟರ್. ವೀರವ್ವನ ಮನೆಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಮುದುಕ ಗೋಣೆಪ್ಪ.

"ತಾಯಿ ಮಗಳು ಮಾಲಿಂಗಪ್ಪನ ಹೊಲದಾಗ ಅದಾರ್ರಿ ಅಕ್ಕೋರ. ವೀರವ್ವನ ಬಲಗೈ ಮುರದೈತಲ್ರಿ, ಬದುವಿನ ಮ್ಯಾಲೆ ಜಾರಿ. ನಿಮಗ ಗೊತ್ತಿಲ್ಲೇನ್ರಿ?"

ಊರಿಗೆಲ್ಲ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ. ಕೇಳುವುದಿಲ್ಲ ಎಂದು ಮೈಕು ಹಿಡಿದು ಹೇಳಿದವಳು ನಾನೇ.

ಬೆಂಡೆ ಬೀಜದ ಹೊಲ, ಕೈಯಿಂದ ಪರಾಗ ಸೇರಿಸುವ ಕ್ರಾಸಿಂಗ್ ನಡೆದಿದೆ. ಹಿಂದಿನ ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಗುರುತಿಗೆ ಕೆಂಪು ದಾರ ಕಟ್ಟುತ್ತಾರೆ. ಮರುದಿನ ಬಿಸಿಲೇರುವ ಮೊದಲು ಗಂಡು ಹೂ ತಂದು ಅದಕ್ಕೆ ತೇಯುತ್ತಾರೆ. ಒಂದು ಬೆಳಿಗ್ಗೆ ತಪ್ಪಿದರೆ ಆ ದಿನದ ಹೂವೆಲ್ಲ ಹೋಯಿತು. ಹೂವಿಗೆ ಭಾನುವಾರ ಗೊತ್ತಿಲ್ಲ.

ಸಾಲಿನ ನಡುವೆ ತನುಜಾ. ಯಾರದೋ ದೊಡ್ಡ ಅಂಗಿ. ಫೋನಿಗೆ ಕೆಂಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾಳೆ. ನನ್ನನ್ನು ನೋಡಿ ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಲಿಲ್ಲ.

"ಅಕ್ಕೋರ, ನಾ ಗೈರಹಾಜರಿ ಅಲ್ರಿ. ದಿನಾ ಹೇಳೇನಲ್ರಿ. ಒಂದ ದಿನಾನೂ ತಪ್ಪಿಸಿಲ್ರಿ."

"ನೀನ ಮಾಡತಿದ್ದೇನ ಫೋನು?"

"ಹೂಂ ರೀ. ಅವ್ವಗ ನಂಬರ್ ಒತ್ತಾಕ ಬರಂಗಿಲ್ಲಲ್ರಿ."

"ಇವತ್ತ ಐತವಾರ, ತನುಜಾ."

ಅವಳು ತಾಯಿಯ ಕಡೆ ನೋಡಿದಳು. ಬದುವಿನ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಕೊಂಡು ವೀರವ್ವ ಕೂತಿದ್ದಳು, ಎಡಗೈಯಿಂದ ದಾರ ಕತ್ತರಿಸಿ ಇಡುತ್ತಾ. "ಹೌದೇನಬೇ?" ಎಂದಳು ಹುಡುಗಿ. ತಾಯಿ ದಾರದಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು:

"ಇನ್ನ ಹದಿನೈದ ದಿನದ ಕೆಲಸ ಐತ್ರಿ ಅಕ್ಕೋರ. ಹಿಡದ ಕೆಲಸ ನಡುವ ಬಿಟ್ರ ಬರೋ ವರ್ಷ ನನ್ನ ಯಾರ ಕರಿತಾರ್ರಿ?"

ಅಷ್ಟರಲ್ಲಿ ಛತ್ರಿ ಹಿಡಿದು ಅಧ್ಯಕ್ಷರು ಬಂದರು. ಎರಡು ದಿನದ ಹಿಂದೆ ನಾನು ಚಪ್ಪಾಳೆ ತಟ್ಟಿದ ಮಹಾಲಿಂಗಪ್ಪನವರು. ನಾಚಿಕೆ ಏನೂ ಇಲ್ಲ, ನನಗೆ ಎಳನೀರು ತರಿಸಿದರು. "ತಾಯಿಗಿಂತ ಮಗಳ ಬೆರಳು ಚುರುಕ ಅದಾವ್ರಿ. ಬರೋ ಸೀಜನ್ನಿಗೆ ಇಕೀನ್ನ ಹಚ್ಚಬೇಕಂತ ಮಾಡೇನಿ."

ತನುಜಾ ನಕ್ಕಳು. ನನ್ನಿಂದ ಶಭಾಷ್ ಎನ್ನಿಸಿಕೊಂಡಾಗ ನಗುವ ಅದೇ ನಗು. ನನಗೆ ಭಯವಾಗಿದ್ದು ಅದಕ್ಕೆ.

"ನಾಳೆ ಸಾಲಿಗೆ ಬಾ" ಎಂದೆ.

"ಬಂದ್ರ ಏನ ತಿಳಿತೈತ್ರಿ ಇನ್ನ? ಗಣಿತ ಮುಂದ ಹೋಗೇತಿ. ಇಲ್ಲಾದ್ರ ಎಲ್ಲಾ ತಿಳಿತೈತ್ರಿ ನನಗ."

ಎಳನೀರು ಕುಡಿಯಲಿಲ್ಲ.

ಆಗಸ್ಟ್ ೧೮, ಸೋಮವಾರ

ಮಿಸ್ಡ್ ಕಾಲ್ ಇಲ್ಲ. ತನುಜಾ ಇಲ್ಲ.

ಹಾಜರಿ ಪುಸ್ತಕ ತೆಗೆದೆ. ಒಂಬತ್ತು ಮನೆಗಳಲ್ಲಿ "ರ". ರಜೆ. ನನ್ನದೇ ದುಂಡು ಅಕ್ಷರ. ಏಳು ದಿನ ಸತತ ಗೈರಾದ ಮಗುವಿನ ಮನೆಗೆ ಹೋಗಬೇಕು, ವರದಿ ಕೊಡಬೇಕು ಎಂದು ಮಕ್ಕಳಿಗೂ ಗೊತ್ತು. ನಾನು ರಜೆ ಎಂದು ಬರೆದದ್ದರಿಂದ ಆ ಏಳರ ಎಣಿಕೆ ಶುರುವೇ ಆಗಲಿಲ್ಲ. ಕೆಂಪು ಪೆನ್ನಿನಲ್ಲಿ ಒಂಬತ್ತನ್ನೂ ಹೊಡೆದು ಪಕ್ಕದಲ್ಲಿ ಬರೆದೆ: ವಿಚಾರಿಸಿಲ್ಲ. ಕೆಳಗೆ ಸಹಿ.

ಮಲ್ಲೇಶಪ್ಪ ಸರ್ ಕನ್ನಡಕ ಹಣೆಗೇರಿಸಿದರು. "ಏನ್ ಮಾಡಿದ್ರಿ ಇದು? ಗುರುವಾರ ಸಭೆ ಐತಿ. ರಜೆ ಅಂದ್ರ ರಜೆ, ಬಿಡ್ರಿ. ಮೂರು ದಿನ ಸುಮ್ಮನಿದ್ದು ಆಮ್ಯಾಲೆ ತಿದ್ದಿದ್ರ ಆಗತಿರಲಿಲ್ಲೇನು?"

"ಮೂರು ದಿನ ಅಂದ್ರ ಮೂರು ಬೆಳಿಗ್ಗೆ ಸರ್. ಆ ಹುಡುಗಿ ಆಗಲೇ ಹೂವಿನ ಲೆಕ್ಕದಾಗ ಬದುಕಾಕತ್ತಾಳ."

ವರದಿ ಬರೆದುಕೊಟ್ಟೆ. ಅವರು ತೆಗೆದುಕೊಂಡರು. ಸಹಿ ಹಾಕಲಿಲ್ಲ, ಮೇಜಿನ ಗಾಜಿನ ಕೆಳಗೆ ಇಟ್ಟರು.

ಆಗಸ್ಟ್ ೨೧, ಗುರುವಾರ, ರಾತ್ರಿ ೮

ಹಿರೇಕೆರೂರು. ಅವ್ವ ಹೇಳಿದ ಹಸಿರು ಸೀರೆಯನ್ನೇ ಉಟ್ಟಿದ್ದೆ. ತಪ್ಪು ಒಪ್ಪಿಕೊಳ್ಳುವುದಾದರೂ ಚೆಂದಾಗಿ ಒಪ್ಪಿಕೊಳ್ಳಬೇಕು.

ನೂರಾರು ಶಿಕ್ಷಕರು. ಮುಂದಿನ ಸಾಲಿನಲ್ಲಿ ಶಾಲಾ ಸಮಿತಿಗಳ ಅಧ್ಯಕ್ಷರು, ನಮ್ಮ ಮಹಾಲಿಂಗಪ್ಪನವರೂ. ಹತ್ತು ನಿಮಿಷ ಕೊಟ್ಟಿದ್ದರು, ನಾಲ್ಕು ಸಾಕಾಯಿತು. "ನನ್ನ ಪದ್ಧತಿ ಚಲೋ ಐತಿ. ಒಂದು ತಪ್ಪೈತಿ. ಮಗು ಬರಲ್ಲ ಅಂತ ತಿಳಿಸಿದ್ದನ್ನ ನಾ ಕೇಳಿಸಿಕೊಂಡೆ, ಯಾಕ ಅಂತ ಕೇಳಲಿಲ್ಲ. ಒಬ್ಬಾಕಿ ಹುಡುಗಿ ಒಂಬತ್ತು ದಿನ ಹೊಲದಾಗ ನಿಂತು ನನ್ನ ನಿಯಮ ಪಾಲಿಸಿದಳು. ನಿಯಮ ಪಾಲಿಸಿದ್ದು ಅವಳು. ಮಾಸ್ತರಿಕೆ ಬಿಟ್ಟದ್ದು ನಾನು. ಈ ಪದ್ಧತಿ ಮಾಡಾವರು ಇದ್ರ ಮಾಡ್ರಿ. ಆದ್ರ ಮಿಸ್ಡ್ ಕಾಲ್ ಬಂದ ಕೂಡಲೆ ತಿರುಗಿ ಫೋನ್ ಹಚ್ರಿ."

ಊರ ಹೆಸರು, ಹೊಲದ ಹೆಸರು ಹೇಳಲಿಲ್ಲ. ಚಪ್ಪಾಳೆ ಬಹಳವೇನೂ ಬರಲಿಲ್ಲ. ಮಲ್ಲೇಶಪ್ಪ ಸರ್ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಇಳಿಯುವಾಗ ಮಾತ್ರ, "ಆ ವರದಿಗೆ ಸಹಿ ಹಾಕೇನ್ರಿ" ಎಂದರು.

  

ಆಗಸ್ಟ್ ೨೩, ಶನಿವಾರ

ಬೆಳಗಿನ ಶಾಲೆ. ಮಿಸ್ಡ್ ಕಾಲ್ ಇಲ್ಲ, ಆರನೇ ದಿನ. ಬರುತ್ತಿದ್ದಾಗ ಲಕ್ಷ್ಯವಿರಲಿಲ್ಲ. ಈಗ ೯.೪೦ಕ್ಕೆ ಫೋನನ್ನೇ ನೋಡುತ್ತಾ ಕೂರುತ್ತೇನೆ.

ಶಾಲೆ ಬಿಡುವ ಹೊತ್ತಿಗೆ ಮಹಾಲಿಂಗಪ್ಪನವರು ಬಂದರು. ಛತ್ರಿ ಇಲ್ಲ. ಕೂರಿ ಎಂದರೂ ಕೂರಲಿಲ್ಲ.

"ಸಭಾದಾಗ ನನ್ನ ಹೆಸರು ಯಾಕ ಹೇಳಲಿಲ್ರಿ ಅಕ್ಕೋರ?"

"ಅಲ್ಲಿ ಹೇಳಿದ್ದು ನನ್ನ ತಪ್ಪು. ನಿಮ್ಮದು ನೀವ ಹೇಳ್ಕೋಬೇಕ್ರಿ."

ಹೊರಗೆ ಮಕ್ಕಳು ಗೇಟಿನ ಬಳಿ ತಳ್ಳಾಡುತ್ತಿದ್ದರು. ಅವರು ಅದನ್ನೇ ನೋಡಿದರು. "ಹದಿನಾಲ್ಕು ತುಂಬದಾಕಿನ್ನ ಕೆಲಸಕ್ಕ ಹಚ್ಚಬಾರದು ಅಂತ ನನಗೂ ಗೊತ್ತೈತಿ. ಆದ್ರ ಹೂ ಬಾಡತಾವ್ರಿ. ಕೈ ಬೇಕಲ್ಲ."

"ನಿಮ್ಮ ಮನ್ಯಾಗ ಎಷ್ಟು ಕೈ ಅದಾವ್ರಿ?"

ಅವರ ಮಗ ರುದ್ರೇಶ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ, ದಿನವಿಡೀ ಮೊಬೈಲು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮನೆಯವರು ಕ್ರಾಸಿಂಗಿಗೆ ಇಳಿದರೆ ಮರ್ಯಾದೆ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು.

"ಬೆರಳು ಚುರುಕ ಇದ್ದದ್ದು ಬರೆಯಾಕ, ಮಾಲಿಂಗಪ್ಪಾರ" ಎಂದೆ. "ವರದಿ ಆಗಲೇ ಹೋಗೇತಿ. ಅದರಾಗ ನನ್ನ ಹೆಸರಷ್ಟ ಐತಿ. ಸೋಮವಾರ ಹತ್ತರ ತನಕ ನೋಡ್ತೇನಿ. ಆಕಿ ಬರಲಿಲ್ಲಂದ್ರ ಎರಡನೇ ವರದಿ. ಅದರಾಗ ನಿಮ್ಮ ಹೊಲದ ಸರ್ವೇ ನಂಬರ್ ಇರತೈತಿ. ವೀರವ್ವನ ಕೆಲಸಾನೂ ಹೋಗಬಾರದು. ಬರೋ ವರ್ಷ ಆಕೀನ್ನೇ ಕರೀಬೇಕು."

ಅವರು ತಿರುಗಿ ಹೋದರು. ಗೇಟಿನಲ್ಲಿ ನಿಂತು ಯಾರಿಗೋ ಫೋನ್ ಹಚ್ಚಿದರು. "ರುದ್ರೇಶಾ, ಎಲ್ಲಿದ್ದೀಯೋ?" ಅನ್ನುವುದಷ್ಟು ಕೇಳಿಸಿತು.

ಆಗಸ್ಟ್ ೨೫, ಸೋಮವಾರ, ಬೆಳಿಗ್ಗೆ ೯.೩೫

ಹಾಜರಿ ಪುಸ್ತಕ ಮುಂದಿದೆ, ಎರಡನೇ ವರದಿಯ ಖಾಲಿ ಹಾಳೆಯೂ. ತಪ್ಪಿಹೋದ ಎರಡು ವಾರದ ಗಣಿತ ಬೇರೆ ತೆಗೆದಿಟ್ಟಿದ್ದೇನೆ, ದಿನಕ್ಕೆ ಅರ್ಧ ಗಂಟೆ, ಊಟದ ಮೇಲೆ. ತನುಜಾ ಹತ್ತು ದಿನದಲ್ಲಿ ಮುಗಿಸುತ್ತಾಳೆ. ಬಂದರೆ. ಬರುತ್ತಾಳೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

೯.೪೦

ಫೋನು. ವೀರವ್ವನ ನಂಬರು. ಒಂದು ರಿಂಗ್. ಈಗ ಕಟ್ ಆಗುತ್ತದೆ. ಎರಡು. ಮೂರು. ನಾಲ್ಕು… ಕಟ್ ಆಗಲಿಲ್ಲ.

ಎತ್ತಿದೆ.

"ಅಕ್ಕೋರ, ನಾ ವೀರವ್ವ ರೀ. ಮಾಲಿಂಗಪ್ಪನ ಮಗಾ ನಂಬರ್ ಒತ್ತಿ ಕೊಟ್ಟಾನ್ರಿ. ಹೂ ತೇಯಾಕ ಬರವಲ್ದರಿ ಅವಗ, ನಾ ಕಲಿಸಾಕತ್ತೇನಿ. ಹುಡುಗಿ ಓಡಿ ಹೊಂಟಾಳ್ರಿ ಸಾಲಿಗೆ, ಒಂದೀಟ ಗಂಟಿ ತಡೀರಿ…"

ಹತ್ತಕ್ಕೆ ಎರಡು ನಿಮಿಷ. ಗೇಟು ಕಿರ್ ಅಂತು. ಏದುಸಿರು. ಬೆರಳಿಗೆ ಇನ್ನೂ ಕೆಂಪು ದಾರ ಸುತ್ತಿಕೊಂಡಿದೆ, ಬಿಚ್ಚುವುದಕ್ಕೂ ಪುರುಸೊತ್ತಾಗಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, "ಅಕ್ಕೋರ, ಹಾಜರಿ ಹಾಕಿಬಿಟ್ರೇನ್ರಿ?"

ಇಲ್ಲ ಮಗಳೇ. ಈಗ, ಇದೇ ಪೆನ್ನಿನಿಂದ—