ಸೇತುವೆ ಮೇಲಿಂದ ಅತ್ತೆಗೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಗೆ,

ಈ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡಿ. ಹರಿಯಲೇಬೇಕಿದ್ದರೆ ಪೂರ್ತಿ ಓದಿ ಹರಿಯಿರಿ. ಎರಡು ವರ್ಷ ನಿಮ್ಮ ಫೋನ್ ಎತ್ತದವಳು ಈಗ ಕಾಗದ ಬರೆಯುತ್ತಿದ್ದಾಳೆ ಅಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಅಂತ ನಿಮಗೆ ಅನ್ನಿಸುತ್ತದೆ. ಹೌದು, ಮಾಡಿಕೊಂಡಿದ್ದೇನೆ. ಕೈಕಾಲು ನೆಟ್ಟಗಿವೆ, ಗಾಬರಿಯಾಗಬೇಡಿ.

ನಮ್ಮ ಹಲ್ಲಿನ ಕ್ಲಿನಿಕ್ಕಿನ ಹೆಂಗಸರೆಲ್ಲ ಸೇರಿ ಕಳೆದ ವಾರ ವಿದೇಶ ಪ್ರವಾಸಕ್ಕೆ ಹೋಗಿದ್ದೆವು. ಅಲ್ಲಿ ಕಣಿವೆಗೆ ಅಡ್ಡವಾಗಿ ಒಂದು ಸೇತುವೆ. ಕಾಲಿಗೆ ರಬ್ಬರ್ ಹಗ್ಗ ಕಟ್ಟಿ ಅದರ ಮೇಲಿಂದ ಕೆಳಕ್ಕೆ ಬಿಡುತ್ತಾರೆ. ಬಂಜೀ ಜಂಪ್ ಅನ್ನುತ್ತಾರಲ್ಲ, ಅದೇ. ಟಿವಿಯಲ್ಲಿ ನೋಡಿ ನೀವು, ಇವರಿಗೆಲ್ಲ ಮನೇಲಿ ಕೆಲಸ ಇಲ್ವಾ ಅಂತ ಕೇಳಿದ್ದಿರಿ. ಮೂರನೇ ಅಂತಸ್ತಿನ ಬಾಲ್ಕನಿಗೆ ಬರಲು ಹೆದರುತ್ತಿದ್ದ ನಾನು ಅದಕ್ಕೆ ಹೆಸರು ಕೊಟ್ಟೆ. ಒಬ್ಬಳೇ ಬದುಕುವುದು ಬಂತು, ಇನ್ನು ಇದೇನು ಮಹಾ ಅನ್ನುವ ಜಂಬ.

ತೂಕ ನೋಡಿ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದರು. ಹೆಚ್ಚಾಗಿದೆ, ಎಷ್ಟು ಅಂತ ಕೇಳಬೇಡಿ. ಕಣಕಾಲಿಗೆ ಟವೆಲ್ ಸುತ್ತಿ, ಪಟ್ಟಿ ಬಿಗಿದು, ಹಗ್ಗ ಸಿಕ್ಕಿಸಿದರು. ಎರಡೂ ಕಾಲು ಜೋಡಿಸಿ ಕಟ್ಟಿದ್ದರಿಂದ ಕುಪ್ಪಳಿಸುತ್ತಲೇ ಅಂಚಿಗೆ ಹೋದೆ. ಹಗ್ಗ ಕಟ್ಟಿದವನು ಹಿಂದೆ ನಿಂತು ನನ್ನ ಸೊಂಟದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಕೆಲಸ ಕೆಟ್ಟದ್ದು ಅಲ್ಲೇ. ನನ್ನನ್ನು ಹಾಗೆ ಹಿಡಿದುಕೊಂಡವರು ನೀವೊಬ್ಬರೇ. ಮದುವೆಯಾದ ಹೊಸದರಲ್ಲಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಲ್ಕನಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ನಿಮ್ಮ ಮಗ ನಕ್ಕು ಒಳಗೆ ಹೋದರು. ನೀವು ನನ್ನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದು, ನಾನು ಹಿಡ್ಕೊಂಡಿದೀನಿ ಕಣೇ, ನೀನು ಕ್ಲಿಪ್ ಹಾಕು ಅಂದಿರಿ. ಆಮೇಲೆ ದಿನಾ ಹಾಗೇ. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ನೀವು ಕೈ ಬಿಡಲಿಲ್ಲ.

ಅವನು ಮೂರು ಎಣಿಸಿ ಮುಷ್ಟಿ ಬಿಟ್ಟ. ಬೀಳುವಾಗ ಎಲ್ಲರೂ ಅಮ್ಮಾ ಅನ್ನುತ್ತಾರೆ. ನಾನು ಕಣಿವೆ ಮೊಳಗುವ ಹಾಗೆ ಅತ್ತೇ ಅಂತ ಕಿರುಚಿದೆ. ತಲೆಕೆಳಗಾಗಿ ತೂಗಾಡುವಾಗಲೂ ಅದೇ ಕೂಗು. ಮೇಲೆ ಬಂದು ನೋಡಿದರೆ ನಮ್ಮವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಗಂಡನ್ನ ಬಿಟ್ರೂ ಅತ್ತೆ ಕಾಟ ತಪ್ಪಲಿಲ್ವಲ್ಲೇ ಅಂದಳು ರಿಸೆಪ್ಷನ್ನಿನವಳು. ನಾನೂ ನಕ್ಕೆ. ಆಮೇಲೆ ಶೌಚಾಲಯದ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ, ಬಿಕ್ಕಿಬಿಕ್ಕಿ ಅಳುತ್ತಾ ಕೂತೆ.

ಗಂಡನನ್ನು ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಉಸಿರುಗಟ್ಟಿ ಇದ್ದದ್ದು ನಿಮಗೂ ಗೊತ್ತು. ಆದರೆ ಅವರ ಜೊತೆಗೆ ನಿಮ್ಮನ್ನೂ ಬಿಡಬೇಕು ಅಂತ ನನಗೆ ಯಾರು ಹೇಳಿದ್ದರು? ಹೊರಟ ದಿನ ನೀವು ಬೆನ್ನು ತಿರುಗಿಸಿ ನಿಂತಿದ್ದಿರಿ. ಕೋಪ ಅಂದುಕೊಂಡೆ. ಅಳುತ್ತಿದ್ದಿರೇನೋ. ಹತ್ತಿರ ಬಂದು ನೋಡಲಿಲ್ಲ, ಬರ್ತೀನಿ ಅಂತಲೂ ಅನ್ನದೆ ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದೆ. ಆಮೇಲೆ ನಿಮ್ಮ ಫೋನ್ ಬಂದಾಗಲೆಲ್ಲ, ಮಗನ ಪರ ವಕಾಲತ್ತು ವಹಿಸಲು ಮಾಡುತ್ತಿದ್ದಾರೆ ಅಂತ ಕಟ್ ಮಾಡಿದೆ. ಊಟ ಆಯ್ತಾ ಅಂತ ಕೇಳಲು ಮಾಡಿರಬಹುದು ಅನ್ನುವುದು ಹೊಳೆಯಲೇ ಇಲ್ಲ. ಕೊನೆಗೆ ನಿಮಗೂ ಸಾಕಾಯಿತು, ಫೋನ್ ನಿಂತಿತು. ಈಗ ನಾನೇ ನಿಮ್ಮ ನಂಬರ್ ಒತ್ತುತ್ತೇನೆ, ರಿಂಗ್ ಆಗುವ ಮೊದಲೇ ಇಟ್ಟುಬಿಡುತ್ತೇನೆ. ಸೇತುವೆಯಿಂದ ಹಾರಿದವಳಿಗೆ ಇಷ್ಟು ಧೈರ್ಯವಿಲ್ಲ.

ಮುಂದಿನ ಭಾನುವಾರ, ಅವರು ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಂಡು ಬರಲೇ? ಒಳಗೆ ಕರೆಯದಿದ್ದರೂ ಪರವಾಗಿಲ್ಲ. ಬಾಗಿಲು ತೆಗೆದು ಚೆನ್ನಾಗಿ ಬೈದು ಕಳಿಸಿ. ನಿಮ್ಮ ಕೈಲಿ ಬೈಸಿಕೊಳ್ಳದೆ ಎರಡು ವರ್ಷವಾಯಿತು.

ಇಂತಿ,
ಕೋರ್ಟಿನ ಪ್ರಕಾರ ನಿಮಗೆ ಏನೂ ಅಲ್ಲದ
ನಿಮ್ಮ ಸೊಸೆ

ತಾ.ಕ.: ಹೆಸರು ಕೊಟ್ಟದ್ದು ಜಂಬಕ್ಕೆ ಅಂತ ಮೇಲೆ ಬರೆದದ್ದು ಸುಳ್ಳು. ನಿಮ್ಮ ಮಗ ಮತ್ತೆ ಮದುವೆಯಾಗುತ್ತಿರುವ ಸುದ್ದಿ ಆ ದಿನ ಬೆಳಿಗ್ಗೆಯೇ ಗೊತ್ತಾಗಿತ್ತು. ಅವರನ್ನು ಆಕೆಗೆ ಬಿಟ್ಟುಕೊಡಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ನಾಳೆ ಆಕೆಯೂ ನಿಮ್ಮನ್ನು ಅತ್ತೆ ಅಂತ ಕರೆಯುತ್ತಾಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.