ಬೀಗ ಹಾಕಿದ ಕ್ಯಾನು

ಸೋಮವಾರ, ೩ನೇ ತಾರೀಕು. ಬೆಳಿಗ್ಗೆ

ಇವತ್ತೂ ಅಡುಗೆಮನೆ ತುಂಬ ಪೆಟ್ರೋಲ್ ವಾಸನೆ. ಕ್ಯಾನು ತಂದು ನನ್ನ ಒಲೆ ಪಕ್ಕವೇ ಇಟ್ಟಿದ್ದಾನೆ ಮಗರಾಯ. ವೆಲ್ಡಿಂಗ್ ಮಾಡಿ ಮಾಡಿ ಕಣ್ಣು ಮಾತ್ರ ಹೋಗಿದೆ ಅಂದುಕೊಂಡಿದ್ದೆ.

"ಎಲ್ಲರನ್ನೂ ಒಟ್ಟಿಗೇ ಕಳಿಸೋ ಯೋಚನೆಯೇನೋ?" ಅಂದೆ.

"ಹೊರಗಿಟ್ರೆ ಕದೀತಾರಮ್ಮಾ."

ಮೊಮ್ಮಗಳು ಎದ್ದು ಬಂದಳು. ಕ್ಯಾನು ಎತ್ತಿಕೊಂಡು ಹೋಗಿ ಅಪ್ಪನ ವೆಲ್ಡಿಂಗ್ ಶೆಡ್ಡಿನ ಹಿಂದೆ ನೆರಳಲ್ಲಿಟ್ಟಳು. ಜೀಪು ಅವಳದು, ರಸ್ತೆ ಅವಳದು. ರಸ್ತೆ ಅನ್ನೋದು ಬಾಯಿಮಾತಿಗೆ. ಟಾರು ಮುಗಿದ ಮೇಲೆ ಕೊರಕಲು, ಮರಳು, ಬಂಡೆ, ಆಮೇಲೆ ಕಲ್ಲುಕ್ವಾರಿ. ನಡುವೆ ಒಂದು ಬಂಕಿಲ್ಲ. ಕ್ವಾರಿ ಆಳುಗಳನ್ನು ಹೇರಿಕೊಂಡು ಹೋಗೋಳು ವಾಪಸ್ ಬರೋ ಪೆಟ್ರೋಲನ್ನೂ ಇಲ್ಲಿಂದಲೇ ಹೊರಬೇಕು.

ಅದಕ್ಕೆ ಇವಳದೊಂದು ದೊಡ್ಡ ಶಾಸ್ತ್ರ. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಬೇಕು. ಕಂಠಪೂರ್ತಿ ತುಂಬಬಾರದು, ಬಿಸಿಲಿಗೆ ಉಬ್ಬುತ್ತೆ. ಸೀಟಿನ ಹತ್ತಿರ ಸೇರಿಸಬಾರದು. ಜೀಪಿನ ಹಿಂದೆ, ಹೊರಗಡೆ, ಸ್ಟ್ಯಾಂಡಿಗೆ ಪಟ್ಟಿ ಹಾಕಿ ಬಿಗೀಬೇಕು — ಒಂದೇ ಎಳೆತಕ್ಕೆ ಬಿಚ್ಚೋ ಹಾಗೆ.

"ಏನಾದ್ರೂ ಆದ್ರೆ ಮೊದಲು ಕ್ಯಾನು ಎಸೀಬೇಕು ಅಜ್ಜಿ."

"ಏನೂ ಆಗೋದು ಬೇಡ. ಹೋಗಿ ಹಲ್ಲುಜ್ಜು."

ಬುಧವಾರ, ೫. ಸಂಜೆ

ಕ್ವಾರಿ ಲಾರಿ ಜೀಪನ್ನು ಹಗ್ಗ ಕಟ್ಟಿ ಎಳಕೊಂಡು ಬಂತು. ಮೊಮ್ಮಗಳು ಇಳಿದಳು. ತುಟಿ ಹರಿದು ಜೋತಿದೆ. ಒಂದು ಕಣ್ಣು ಮುಚ್ಚೇ ಹೋಗಿದೆ. ಅಂಗಿ ಮೇಲೆ ರಕ್ತ — ಅರ್ಧ ಅವಳದು, ಅರ್ಧ ಯಾರದೋ.

ಮೊಂಡಗಿವಿಯ ಕಡೆಯವರು. ಯಾವುದೋ ಹೊಡೆದಾಟದಲ್ಲಿ ಅರ್ಧ ಕಿವಿ ಕಳಕೊಂಡವನು ಅವನು. ಅದೇ ದಾರಿಯಲ್ಲಿ ಅವನ ಜೀಪುಗಳೂ ಓಡುತ್ತವೆ. ಬೇರೆಯವರ ಕ್ಯಾನು ಕದ್ದು ಮೇಲೆ ಕ್ವಾರಿಯಲ್ಲಿ ಮಾರೋದು ಅವನ ಕಸುಬು. ಈ ದಾರೀಲಿ ಇನ್ನು ಹೆಂಗಸಿನ ಗಾಡಿ ಕಾಣಬಾರದು ಅಂತ ಕೂದಲು ಹಿಡಿದು ಬಾನೆಟ್ಟಿಗೆ ಮುಖ ಜಜ್ಜಿದರಂತೆ. ಪಟ್ಟಿ ಎಳೆದು ಎರಡೂ ಕ್ಯಾನು ಹೊತ್ತುಕೊಂಡು ಹೋದರಂತೆ.

"ಎಷ್ಟು ಜನ?"

"ಮೂರು."

"ನೀನೇನು ಮಾಡ್ದೆ?"

"ವೀಲ್ ಸ್ಪ್ಯಾನರಲ್ಲಿ ಒಬ್ಬನ ಬೆರಳು ಮುರಿದೆ."

"ಒಂದೇ ಬೆರಳಾ?"

ನಗೋಕೆ ಹೋಗಿ ತುಟಿಯಿಂದ ಮತ್ತೆ ರಕ್ತ ಇಳೀತು. ನಗಿಸಬಾರದಿತ್ತು. ಬಿಸಿನೀರಲ್ಲಿ ಒರೆಸಿದೆ. ತಾಯಿ ಇಲ್ಲದ ಹುಡುಗಿ. ಅಮ್ಮಾ ಅಂತ ನರಳಲೂ ಇಲ್ಲ.

ಗುರುವಾರ, ೬

ಮಗ ಬೆಳಿಗ್ಗೆಯಿಂದ ಕಿಡಿ ಹಾರಿಸ್ತಾ ಕೂತಿದ್ದ. ಜೀಪಿನ ಹಿಂದೆ ಕಬ್ಬಿಣದ ಪಂಜರ ಮಾಡಿ ಕೂರಿಸಿದ. ಕ್ಯಾನುಗಳು ಒಳಗೆ, ಹೊರಗೆ ದಪ್ಪ ಬೀಗ. ಬೀಗದ ಕೈ ಎಲ್ಲೋ ಮರೀತಾಳೆ ಅಂತ ಜೀಪಿನ ಕೀಗೊಂಚಲಿಗೇ ಪೋಣಿಸಿದ.

"ಅಪ್ಪಾ, ಬೀಗ ಬೇಡ. ಪಟ್ಟಿ ಸಾಕು. ಒಂದೇ ಎಳೆತಕ್ಕೆ ಬಿಚ್ಚಬೇಕು."

"ಒಂದೇ ಎಳೆತಕ್ಕೆ ನಿನಗೂ ಬಿಚ್ಚುತ್ತೆ, ಕಳ್ಳನಿಗೂ ಬಿಚ್ಚುತ್ತೆ."

"ಗಾಡಿ ಓಡ್ತಿರೋವಾಗ ಕೀ ಹೇಗೆ ತೆಗೀಲಿ?"

"ಗಾಡಿ ಓಡ್ತಿರೋವಾಗ ನಿನಗ್ಯಾಕೆ ಕ್ಯಾನು?"

ಅವಳು ಪಂಜರಕ್ಕೆ ಒದ್ದಳು. ಇವನು ಕೆನ್ನೆಗೆ ಬಾರಿಸಿದ — ಅದೇ ಊದಿದ ಕೆನ್ನೆಗೆ! ನನ್ನ ಕೈಲಿ ಸೌಟಿತ್ತು. ಅವನ ಬೆನ್ನ ಮೇಲೆ ಅದು ಬಾಗಿಯೇ ಹೋಯ್ತು. "ಹೊರಗಿನವರು ಹೊಡೆದದ್ದು ಸಾಲದಾ ನಿನಗೆ?" ಅಂದೆ. ಮೂಲೆಗೆ ಹೋಗಿ ಕೂತ. ಹೆದರಿದ ಗಂಡಸು ಯಾವಾಗಲೂ ಕೈ ಎತ್ತುತ್ತಾನೆ. ಅವರಪ್ಪನೂ ಹಾಗೇ.

ಆದರೂ ಬೀಗ ಇರಲಿ ಅಂತಲೇ ನಾನೂ ಅಂದೆ. ಗಟ್ಟಿಯಾಗಿ ಕಾಣ್ತಿತ್ತು.

ಶನಿವಾರ, ೮. ಮಧ್ಯಾಹ್ನ

ಮೊಂಡಗಿವಿ ಶೆಡ್ಡಿಗೇ ಬಂದ! ನಿನ್ನೆ ಮೇಲೆ ಕ್ವಾರಿಯಲ್ಲಿ ಬೀಗ ಮುರಿಯೋಕೆ ನೋಡಿ ಆಗಲಿಲ್ಲವಲ್ಲ, ಹೊಟ್ಟೆಯುರಿ. ಪಂಜರದ ಮೇಲೆ ಕೈಯಾಡಿಸಿದ, ಹುಡುಗಿ ನೋಡಲು ಬಂದವನ ಹಾಗೆ.

"ಅಜ್ಜಿ ಆರಾಮಾ?"

"ಇನ್ನೊಂದು ಕಿವಿ ಉಳಿದಿದೆಯಲ್ಲ, ಅದನ್ನ ಜೋಪಾನ ಮಾಡ್ಕೋ."

ನಕ್ಕ. ಕಡ್ಡಿ ಗೀರಿದ. ಪಂಜರದ ಹತ್ತಿರ ಹಿಡಿದುಕೊಂಡೇ ಅಂದ, "ಒಳ್ಳೇ ಬೀಗ. ನಾವಿನ್ನು ಬಿಚ್ಚೋಕೆ ಹೋಗಲ್ಲ ಬಿಡಿ."

ಮಗ ಕಾದ ಸಲಾಕೆ ಎತ್ತಿ ಅವನ ತೋಳಿಗೆ ಒತ್ತಿಬಿಟ್ಟ. ಚರ್ಮ ಸುಟ್ಟ ವಾಸನೆ. ಜೊತೆಗೆ ಬಂದಿದ್ದ ಮೊಂಡಗಿವಿಯ ತಮ್ಮ ನನ್ನ ಮಗನ ಹೊಟ್ಟೆಗೆ ಒದ್ದ. ಇವನು ಬಿದ್ದ. ನಾನು ಆ್ಯಸಿಡ್ ಬಾಟಲಿ ಎತ್ತಿಕೊಂಡೆ, ಬ್ಯಾಟರಿಗೆ ಹಾಕೋದು. ಆಮೇಲೆ ಹೋದರು.

ಜೀಪು ಬೇಡ ಕಣೇ, ಒಂದು ವಾರ ಮನೇಲಿರು ಅಂದೆ. ಕೇಳಲಿಲ್ಲ. ನನ್ನ ರಕ್ತವೇ ತಾನೆ.

ಮಂಗಳವಾರ, ೧೮. ಆಸ್ಪತ್ರೆ

ಇಷ್ಟು ದಿನ ಪೆನ್ನು ಹಿಡಿಯೋಕೆ ಆಗಲಿಲ್ಲ.

ಹೋದ ಮಂಗಳವಾರ ಆದದ್ದು. ಇವಳು ಹೇಳಿದ್ದು ಸ್ವಲ್ಪ, ಜೀಪಲ್ಲಿದ್ದ ಆಳು ಹೇಳಿದ್ದು ಸ್ವಲ್ಪ.

ಕೊರಕಲು ದಾರೀಲಿ ಮೊಂಡಗಿವಿಯ ಜೀಪು ಹಿಂದಿಂದ ಬಂತಂತೆ. ಬಟ್ಟೆ ಉಂಡೆ ಮಾಡಿ ಬೆಂಕಿ ಹಚ್ಚಿ ಎಸೆದರಂತೆ. ಬರೀ ಸ್ಟ್ಯಾಂಡಾಗಿದ್ದರೆ ಬಡಿದು ಕೆಳಗೆ ಬೀಳ್ತಿತ್ತು. ಪಂಜರ ಅದನ್ನು ಹಿಡಿದುಕೊಳ್ತು. ಸರಳುಗಳ ನಡುವೆ ಸಿಕ್ಕಿ ಅಲ್ಲೇ ಉರೀತು. ಕ್ಯಾನು ಬಿಸಾಕಬೇಕು. ಬಿಸಾಕೋಕೆ ಬೀಗ ತೆಗೀಬೇಕು. ಬೀಗ ತೆಗೆಯೋಕೆ ಎಂಜಿನ್ ಆರಿಸಿ ಗೊಂಚಲು ಕೀಳಬೇಕು. ಎಂಜಿನ್ ಆರಿಸಿದರೆ ಹಿಂದಿನವರ ಕೈಗೆ.

ಆಳುಗಳು ಹಾರಿಕೊಂಡರು. ಇವಳು ಬೆಂಕಿ ಹೊತ್ತುಕೊಂಡೇ ಓಡಿಸಿದಳು, ಮರಳಲ್ಲಿ ಹೂತು ನಿಲ್ಲೋವರೆಗೆ. ಆಮೇಲೆ ಕೀ ಕಿತ್ತುಕೊಂಡು ಹಿಂದೆ ಓಡಿ, ಕೆಂಡದ ಹಾಗೆ ಕಾದ ಬೀಗವನ್ನು ಬರಿಗೈಲಿ ಹಿಡಿದು ತೆಗೆದಳು. ಒಂದು ಕ್ಯಾನಿನ ಮುಚ್ಚಳದಿಂದ ಆಗಲೇ ಜ್ವಾಲೆ. ಎತ್ತಿ ಎಸೆದಳು. ಮೊಂಡಗಿವಿ ಕಬ್ಬಿಣದ ರಾಡು ಹಿಡಿದು ಇಳಿದು ಬರ್ತಿದ್ದ. ಕ್ಯಾನು ಅವನ ಎದೆಗೇ ಬಡಿದು ಒಡೀತು.

ಶುಕ್ರವಾರ ಸತ್ತ. ಇದೇ ಆಸ್ಪತ್ರೆ, ಇದೇ ಸಾಲಿನ ಕೊನೆ ಕೋಣೆ. ಅವನ ಕೂಗು ನಮಗೆ ಕೇಳ್ತಿತ್ತು. ಆ ಕೂಗು ನಿಂತದ್ದೂ ಕೇಳಿಸ್ತು.

ಇವಳ ಕೈ ಎರಡೂ ಮೊಣಕೈವರೆಗೆ ಬಟ್ಟೆ. ಬಲಗೈ ಎರಡು ಬೆರಳು ತೆಗೆದಿದ್ದಾರೆ.

ಬುಧವಾರ, ೧೯

ಪೊಲೀಸರು ಬಂದು ಬರಕೊಂಡು ಹೋದರು. ಅಪ್ಪ ಹೇಳಿಕೊಟ್ಟದ್ದನ್ನೇ ಒಪ್ಪಿಸಿದಳು — ಹೊಗೆ ಇತ್ತು, ಯಾರು ಎಲ್ಲಿದ್ದರೋ ಕಾಣಲಿಲ್ಲ.

ಮಗ ಹೊರಗೆ ಹೋದ ಮೇಲೆ ಹಾಲಲ್ಲಿ ಬ್ರೆಡ್ಡು ಅದ್ದಿ ತಿನ್ನಿಸ್ತಾ ಕೇಳಿದೆ.

"ಕಂಡನಾ?"

"ಕಂಡ."

"ಪಕ್ಕದಲ್ಲಿ ಹಳ್ಳ ಇರಲಿಲ್ವಾ?"

"ಇತ್ತು ಅಜ್ಜಿ. ಎಡಗಡೆ ಹಳ್ಳ. ಬಲಗಡೆ ಅವನು."

ಬ್ರೆಡ್ಡು ಬಟ್ಟಲಲ್ಲೇ ಕರಗಿಹೋಯ್ತು. ಇನ್ನೊಂದು ಚೂರು ಅದ್ದಿದೆ. "ಬಾಯಿ ತೆಗಿ" ಅಂದೆ.

ಶುಕ್ರವಾರ, ೨೧. ಮನೆ

ಕರಕೊಂಡು ಬಂದೆವು. ಶೆಡ್ಡಿನ ಮುಂದೆ ಸುಟ್ಟ ಜೀಪು. ಮಗ ಸುತ್ತಿಗೆ ತಗೊಂಡು ಆ ಪಂಜರವನ್ನು ಹೊಡೆದ, ಹೊಡೆದ... ಅಂಗೈ ಒಡೆದು ಹಿಡಿ ಜಾರೋವರೆಗೂ. ಅವನೇ ಬೆಸೆದದ್ದು. ಒಂದು ಬೆಸುಗೆಯೂ ಬಿಡಲಿಲ್ಲ. ಅಷ್ಟು ಒಳ್ಳೇ ಕೆಲಸಗಾರ ನನ್ನ ಮಗ.

ಮಧ್ಯಾಹ್ನ ಕಲ್ಲು ಬಿದ್ದವು. ಕಿಟಕಿ ಗಾಜು ಪೂರ್ತಿ. ಸತ್ತವನ ತಮ್ಮ ಬೀದೀಲಿ ನಿಂತು ಕೂಗಿದ: ಬೇಕಂತಲೇ ಕೊಂದಿದ್ದಾಳೆ, ಅವಳನ್ನೂ ಹಾಗೇ ಸುಡ್ತೀನಿ ಅಂತ. ಮಗನ ಹಣೆ ಸೀಳಿದೆ. ನಾನೇ ಅರಿಶಿನ ಮೆತ್ತಿದೆ.

ಭಾನುವಾರ, ೨೩. ಸಂಜೆ

ಬೆಳಿಗ್ಗೆ ಬಾಗಿಲು ತಟ್ಟಿದರು. ನೋಡಿದರೆ ಒಬ್ಬಳೇ ಮುದುಕಿ. ನನ್ನಷ್ಟೇ ವಯಸ್ಸು, ನನಗಿಂತ ಕುಳ್ಳಿ. ಮೊಂಡಗಿವಿಯ ತಾಯಿ.

ಬಾಯಿ ತೆರೆಯೋ ಮೊದಲು ಕೆನ್ನೆಗೆ ಹೊಡೆದಳು. ಕನ್ನಡಕ ಹಾರಿತು. ಇನ್ನೊಂದು ಹೊಡೆದಳು. ತಿರುಗಿ ಹೊಡೆಯೋ ಕೈ ನನಗೂ ಇದೆ. ಎತ್ತಲಿಲ್ಲ.

"ಹೆದರಿ ಎಸೆದಳಂತೆ, ಕಾಣಲಿಲ್ಲವಂತೆ. ಹೌದಾ?" ಅಂದಳು. "ಹೌದು ಅಂದ್ರೆ ಸಣ್ಣವನನ್ನ ಹೇಗಾದ್ರೂ ತಡೀತೀನಿ. ಉಳಿದಿರೋನು ಅವನೊಬ್ಬ. ಜೈಲಿಗೆ ಕಳಿಸಲಾರೆ. ಆದರೆ ನನಗೆ ಸುಳ್ಳು ಹೇಳಬೇಡ."

ಸುಳ್ಳು ನನಗೆ ನೀರು ಕುಡಿದ ಹಾಗೆ. ಹೌದು ಕಣಮ್ಮ ಅನ್ನಬೇಕು, ಅಷ್ಟೇ. ನಾಲಿಗೆ ತುದೀಲಿತ್ತು.

ಹಿಂದಿನಿಂದ ಇವಳು ಬಂದಳು. ಕೈಗಳನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಹಿಡಿದುಕೊಂಡು.

"ಕಾಣ್ತಿದ್ದ" ಅಂದಳು. "ನೋಡೇ ಎಸೆದೆ."

ಬಾಯಿ ಮುಚ್ಚೇ ಮುಂಡೇದೇ ಅಂತ ಕಿರುಚಿದೆ. ಆಗಿಹೋಗಿತ್ತು.

ಆ ಹೆಂಗಸು ಮೆಟ್ಟಿಲ ಮೇಲೆ ಕುಸಿದಳು. ಆ ಬಟ್ಟೆ ಸುತ್ತಿದ ಕೈ ನೋಡಿದಳು. "ಅವನು ರಾಡು ಎತ್ತಿದ್ನಾ?" ಅಂದಳು.

"ಎತ್ತಿದ್ದ."

ಎದ್ದಳು. ಬಿದ್ದಿದ್ದ ಕನ್ನಡಕ ಹೆಕ್ಕಿ ನನ್ನ ಕೈಗೆ ಕೊಟ್ಟಳು. ಮೆಟ್ಟಿಲಿಳಿದು ಹೋದಳು.

ಈಗ ಮಗ ಬಾಗಿಲಿಗೆ ಮಂಚ ಒತ್ತರಿಸಿದ್ದಾನೆ. ಇವಳು ಗೋಡೆಗೆ ಒರಗಿ ಕೂತಿದ್ದಾಳೆ. ಯಾಕೆ ಹೇಳಿದೆ ಅಂದ್ರೆ, ಆ ಕೂಗು ಅವರಿಗೂ ಕೇಳಿಸಿತ್ತಲ್ಲ ಅಜ್ಜಿ, ಅಂತಾಳೆ.

ಜೀಪಿನ ಸದ್ದು. ನಮ್ಮ ಬಾಗಿಲಿಗೇ ನಿಂತಿತು. ಸತ್ತವನ ತಮ್ಮನ ದನಿ. ಪೆಟ್ರೋಲ್ ವಾಸನೆ ಒಳಗೇ ಬರ್ತಿದೆ...

ಇನ್ನೊಂದು ದನಿ. ಬೆಳಿಗ್ಗೆ ಬಂದಿದ್ದ ಅವನ ತಾಯಿಯದು! ಓಡಿ ಬಂದಿರಬೇಕು, ಏದುಸಿರು. "ಮೊದಲು ನನ್ನ ಮೇಲೆ ಸುರಿ, ಸುರಿಯೋ" ಅಂತಿದ್ದಾಳೆ. ಪಟಪಟ ಏಟಿನ ಸದ್ದು. ತನ್ನ ಮಗನನ್ನೇ ಹೊಡೀತಿದ್ದಾಳೆ. ನನಗೆ ಹೊಡೆದ ಅದೇ ಕೈ, ಭಾರ ನನಗೆ ಗೊತ್ತು.

ಮಂಚ ಸರಿಸೋ ಅಂದೆ ನನ್ನ ಮಗನಿಗೆ. ಅವನನ್ನು ತಡೆಯೋದು ಒಬ್ಬಳ ಕೈಲಿ ಆಗೋ ಕೆಲಸವಲ್ಲ. ನಾನೂ ಹೋಗಿ ಅವಳ ಪಕ್ಕ ನಿಲ್ತೀನಿ.